ಸುಟ್ಟ ಟ್ರಾನ್ಸಿಸ್ಟರಿನ ಲೆಕ್ಕ

ನಮ್ಮ ಕಾಸರಗೋಡಿನ ಹೆತ್ತವರಲ್ಲಿ ಒಂದು ವಿನಂತಿ. ಮಗನೋ ಮಗಳೋ ಹಳೆಯ ರೇಡಿಯೋ ಬಿಚ್ಚಿ, ತಾಮ್ರದ ತಂತಿ ಸುತ್ತುತ್ತ ಕುಳಿತರೆ "ಓದುವುದು ಬಿಟ್ಟು ಇದೆಂಥ ಮಂಗಾಟ?" ಎಂದು ಗದರಬೇಡಿ. ಅದೂ ಓದೇ.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಅಟ್ಟದ ಮೇಲಿನ ಹಳೆಯ ಮೇಜೇ ನನ್ನ ಪ್ರಯೋಗಶಾಲೆ. ಕಬ್ಬಿಣದ ಮೊಳೆಗಳ ಕಟ್ಟಿಗೆ ಎನಾಮೆಲ್ ತಂತಿಯನ್ನು ನೂರಾರು ಸುತ್ತು ಸುತ್ತಿ, 12 ವೋಲ್ಟಿನ ಬ್ಯಾಟರಿಗೆ ಜೋಡಿಸಿದೆ. ನಡುವೆ 2ಎನ್3055 ಎಂಬ ಟ್ರಾನ್ಸಿಸ್ಟರನ್ನು ಸ್ವಿಚ್ಚಾಗಿ ಇಟ್ಟು, ಪ್ರವಾಹವನ್ನು ಸೆಕೆಂಡಿಗೆ ಹಲವು ಬಾರಿ ಬಿಟ್ಟು ಬಿಟ್ಟು ಹರಿಸಬೇಕೆಂಬುದು ನನ್ನ ಯೋಜನೆ. ಸ್ವಲ್ಪ ಹೊತ್ತಿನಲ್ಲೇ ಟ್ರಾನ್ಸಿಸ್ಟರ್ ಸತ್ತಿತು. ಇನ್ನೊಂದು ತಂದೆ; ಅದೂ ಸತ್ತಿತು. ಅಪ್ಪನಿಗೆ ದುಡ್ಡಿನ ಚಿಂತೆ. ನನ್ನ ಚಿಂತೆ ಬೇರೆ: 60 ವೋಲ್ಟಿನವರೆಗೆ ತಡೆಯಬಲ್ಲ ವಸ್ತು 12 ವೋಲ್ಟಿಗೆ ಸಾಯುವುದು ಹೇಗೆ?

ಉತ್ತರ ನನ್ನ ಪಾಠಪುಸ್ತಕದಲ್ಲೇ ಇತ್ತು. ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆನಲ್ಲ! ಸುರುಳಿಯು ತನ್ನಲ್ಲಿ ಹರಿಯುವ ಪ್ರವಾಹ ಥಟ್ಟನೆ ನಿಲ್ಲುವುದನ್ನು ವಿರೋಧಿಸುತ್ತದೆ. 10 ಮಿಲಿಹೆನ್ರಿಯ ಸುರುಳಿಯಲ್ಲಿ 1 ಆಂಪಿಯರ್ ಪ್ರವಾಹವನ್ನು 10 ಮೈಕ್ರೋಸೆಕೆಂಡಿನಲ್ಲಿ ನಿಲ್ಲಿಸಹೊರಟರೆ, ಲೆಕ್ಕದಂತೆ 1000 ವೋಲ್ಟ್ ಏಳಬೇಕು. ಪಾಪದ ಟ್ರಾನ್ಸಿಸ್ಟರ್ ಅದಕ್ಕೆ ಮೊದಲೇ ಸೋಲುತ್ತದೆ. ಪೆಟ್ರೋಲ್ ಎಂಜಿನ್ನಿನ ಕಿಡಿಗೂ ಇದೇ ಮೂಲ. ಸುರುಳಿಗೆ ಅಡ್ಡಲಾಗಿ ಒಂದು ಡಯೋಡನ್ನು, ಅದರ ಪಟ್ಟಿಯಿರುವ ತುದಿ ಬ್ಯಾಟರಿಯ ಧನಧ್ರುವದ ಕಡೆಗಿರುವಂತೆ ಜೋಡಿಸಿದರೆ, ಪ್ರವಾಹ ಅದರ ಮೂಲಕ ಸುತ್ತಿ ಮೆಲ್ಲಗೆ ಇಳಿಯುತ್ತದೆ. ಅಂಗಡಿಯವರು ಇದನ್ನು ಮಲಯಾಳದಲ್ಲಿ ಹೇಳಿದರು, ಪುಸ್ತಕ ಕನ್ನಡದಲ್ಲಿ ಹೇಳಿತ್ತು. ಸುರುಳಿಗೆ ಎರಡೂ ಒಂದೇ. ಮೂರನೆಯ ಟ್ರಾನ್ಸಿಸ್ಟರ್ ಬದುಕಿತು.

ಇನ್ನು ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ಸುರುಳಿಯ ಈ ಹೊಡೆತವನ್ನು ಎರಡನೆಯ ಬ್ಯಾಟರಿಗೆ ಹರಿಸಿ, "ಕೊಟ್ಟದ್ದಕ್ಕಿಂತ ಹೆಚ್ಚು ವಿದ್ಯುತ್ ಬಂತು" ಎಂದು ಮೊಬೈಲಿನಲ್ಲಿ ತೋರಿಸುವವರಿದ್ದಾರೆ. ನಾನೂ ಹುಡುಗನಾಗಿದ್ದಾಗ ಅದೇ ಆಸೆಗೆ ಬಿದ್ದವನು. ನಂಬಬೇಡಿ. ನನ್ನನ್ನೂ ನಂಬಬೇಕಾಗಿಲ್ಲ, ಅಳೆದು ನೋಡಿ. ಮೇಲಿನ ಸುರುಳಿಯಲ್ಲಿ ಪ್ರತಿಸಲ ಕೂಡುವ ಶಕ್ತಿ 0.005 ಜೂಲ್ ಮಾತ್ರ, ಅದೂ ಮೊದಲನೆಯ ಬ್ಯಾಟರಿ ಕೊಟ್ಟದ್ದೇ. ತಂತಿ ಬಿಸಿಯಾಗಿ ಹೋದದ್ದು ಬೇರೆ. ಸಾಧಾರಣ ಮೀಟರು ಇಂತಹ ಮೊನಚು ಹೊಡೆತಗಳನ್ನು ಸರಿಯಾಗಿ ಅಳೆಯಲಾರದು. ಬ್ಯಾಟರಿಯ ವೋಲ್ಟ್ ಏರಿದ ಮಾತ್ರಕ್ಕೆ ಅದು ತುಂಬಿತೆಂದೂ ಅಲ್ಲ.

ಆದುದರಿಂದ ಹೀಗೆ ಮಾಡಿ. ಒಂದೇ ಅಳತೆಯ ಎರಡು ಬ್ಯಾಟರಿ ತೆಗೆದುಕೊಳ್ಳಿ. ತುಂಬಿದ ಒಂದರಿಂದ ಸಣ್ಣ ದೀಪವೊಂದು ಎಷ್ಟು ಹೊತ್ತು ಉರಿಯುತ್ತದೆಂದು ಬರೆದಿಡಿ. ಅದನ್ನು ಪುನಃ ತುಂಬಿಸಿ, ಅದರಿಂದ ಸುರುಳಿ ನಡೆಸಿ, ಖಾಲಿಯಾದ ಎರಡನೆಯದಕ್ಕೆ ಹೊಡೆತ ಹರಿಸಿ. ಬಳಿಕ ಎರಡನೆಯದರಿಂದ ಅದೇ ದೀಪ ಉರಿಸಿ. ಬ್ಯಾಟರಿಗೆ ಫ್ಯೂಸ್ ಇರಲಿ, ನಡೆಯುತ್ತಿರುವಾಗ ಸುರುಳಿಯ ತುದಿ ಮುಟ್ಟಬೇಡಿ, ಗೋಡೆಯ 230 ವೋಲ್ಟಿನ ಹತ್ತಿರವೂ ಹೋಗಬೇಡಿ.

ನನ್ನ ಎರಡನೆಯ ಬ್ಯಾಟರಿ ಮೊದಲನೆಯದರ ಅರ್ಧ ಹೊತ್ತೂ ದೀಪ ಉರಿಸಲಿಲ್ಲ. ಆ ರಾತ್ರಿ ಅದು ಮಂಕಾಗುವವರೆಗೂ ಅಪ್ಪ ಅಟ್ಟದಲ್ಲೇ, ಗಡಿಯಾರ ಕೈಯಲ್ಲಿ ಹಿಡಿದು, ನನ್ನ ಪಕ್ಕದಲ್ಲಿ ಕುಳಿತಿದ್ದರು.