ಎಂಟಕ್ಕೆ ಐದು ಕೂಡಿಸಲೂ ಟ್ಯೂಷನ್ನೇ?

ಘಟಪ್ರಭಾ ಸುತ್ತಮುತ್ತ ಒಂದನೇ ತರಗತಿ ಮಗುವನ್ನೂ ಟ್ಯೂಷನ್ನಿಗೆ ಕಳಿಸುವುದನ್ನು ನಾವು ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಹಂಡ್ರೆಡ್‌ವರೆಗೆ ಒದರುವ ಮಗು, 8ಕ್ಕೆ 5 ಕೂಡಿಸು ಎಂದರೆ ಒಂದರಿಂದ ಬೆರಳು ಎಣಿಸುತ್ತದೆ. ಅದು ಬಾಯಿಪಾಠ, ಲೆಕ್ಕವಲ್ಲ.

ಮನೆಯಲ್ಲಿ ಗೋವಿನಜೋಳ ಇದೆಯಲ್ಲ? ಇತ್ತ 8 ಕಾಳು, ಅತ್ತ 5 ಇಡಿ. ಐದರಲ್ಲಿ ಎರಡನ್ನು ಎಂಟರ ಕಡೆ ಸರಿಸಿ. ಇಲ್ಲಿ ಹತ್ತು, ಅಲ್ಲಿ ಮೂರು: ಹದಿಮೂರು. ನಮ್ಮ ಭಾಷೆಯ ಹೆಸರಲ್ಲೇ ಲೆಕ್ಕವಿದೆ. 'ಇಲೆವೆನ್, ಟ್ವೆಲ್ವ್'ನಲ್ಲಿ ಮಗುವಿಗೆ ಏನು ಕಾಣುತ್ತದೆ?

ಸಂತೆಯ ಚಿಲ್ಲರೆಯನ್ನು ಬಾಯಲ್ಲೇ ಕೂಡಿಸುವ ಅವ್ವನಿಗಿಂತ ಬೇರೆ ಮಾಸ್ತರ ಬೇಕೆ? ಮೊದಲು ಹತ್ತರ ಜೋಡಿ ಗಟ್ಟಿಯಾಗಲಿ: 9ಕ್ಕೆ 1, 8ಕ್ಕೆ 2, 7ಕ್ಕೆ 3, 6ಕ್ಕೆ 4, 5ಕ್ಕೆ 5. ಹತ್ತು ಕಾಳಲ್ಲಿ ಕೆಲವನ್ನು ಮುಷ್ಟಿಯಲ್ಲಿ ಮುಚ್ಚಿ, ಉಳಿದದ್ದು ತೋರಿಸಿ, "ಒಳಗೆಷ್ಟು?" ಅನ್ನಿ. ದಿನಾ ಐದು ನಿಮಿಷ ಸಾಕು. ತಪ್ಪಿದರೆ ಬೈಯದೆ ಮುಷ್ಟಿ ಬಿಚ್ಚಿ ತೋರಿಸಿ.