ಜಾಹೀರಾತು ಫಲಕದಲ್ಲಿ ಬೆಳೆ ಬೆಳೆಯುವುದಿಲ್ಲ

ನೆದರ್ಲೆಂಡ್ಸ್‌ನ ಹಾರ್ಲೆಮ್ ನಗರಸಭೆ 2021ರ ನವೆಂಬರ್‌ನಲ್ಲಿ ಒಂದು ಗೊತ್ತುವಳಿ ಒಪ್ಪಿತು. ಬಸ್ಸಿನ ಮೇಲೆ, ಬಸ್ ತಂಗುದಾಣಗಳಲ್ಲಿ, ರಸ್ತೆಬದಿಯ ಪರದೆಗಳಲ್ಲಿ ಮಾಂಸದ ಜಾಹೀರಾತು ಇರಕೂಡದು, 2024ರಿಂದ ಇದು ಜಾರಿಗೆ ಬರಬೇಕು ಎಂಬುದು ಅದರ ಸಾರ. ಜಗತ್ತಿನಲ್ಲಿ ಇಂಥ ತೀರ್ಮಾನ ಮಾಡಿದ ಮೊದಲ ನಗರ ಇದೆಂದು ಮರುವರ್ಷ ಸುದ್ದಿಯಾದಾಗ ಗದ್ದಲ ಎದ್ದಿತು. ಜನರಿಗೆ ಯಾವುದು ಒಳ್ಳೆಯದೆಂದು ಸರ್ಕಾರ ಹೇಳಿಕೊಡುವುದು ಅತಿಯಾಯಿತು ಎಂದು ಮಾಂಸೋದ್ಯಮದ ಒಕ್ಕೂಟ ಸಿಡಿಮಿಡಿಗೊಂಡಿತು. ವಾಕ್ ಸ್ವಾತಂತ್ರ್ಯದ ಪ್ರಶ್ನೆಯೂ ಬಂತು.

ಆ ಆಕ್ಷೇಪದಲ್ಲಿ ಹುರುಳಿಲ್ಲ. ಡಚ್ ಸಂವಿಧಾನದ 7ನೇ ವಿಧಿ ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುವಾಗಲೇ ವಾಣಿಜ್ಯ ಜಾಹೀರಾತನ್ನು ಅದರಿಂದ ಹೊರಗಿಟ್ಟಿದೆ. ಅಂಗಡಿಯಲ್ಲಿ ಮಾಂಸ ಮಾರುವುದನ್ನು, ಮನೆಯಲ್ಲಿ ತಿನ್ನುವುದನ್ನು ಯಾರೂ ತಡೆದಿಲ್ಲ. ಊರಿನ ಗೋಡೆ ಊರಿನವರದು, ಅದನ್ನು ಯಾರಿಗೆ ಬಾಡಿಗೆಗೆ ಕೊಡಬೇಕೆಂಬುದೂ ಅವರಿಗೇ ಬಿಟ್ಟದ್ದು. ನಮ್ಮ ಓದುಗರಿಗೆ ಇನ್ನೊಂದು ಮಾತು ಬಿಡಿಸಿ ಹೇಳಲೇಬೇಕು. ಹಾರ್ಲೆಮ್‌ನವರ ತಕರಾರು ಹವಾಮಾನ ಕೆಡಿಸುವ, ಕಾರ್ಖಾನೆಯ ಹಾಗೆ ನಡೆಯುವ ಪಶುಸಾಕಣೆಯ ಮೇಲೆ. ಅದನ್ನು ಇಲ್ಲಿಗೆ ತಂದು ಯಾರದೋ ತಟ್ಟೆಗೆ, ಯಾರದೋ ಜಾತಿಗೆ ಅಂಟಿಸುವವರು ಹವಾಮಾನದ ಹೆಸರಿನಲ್ಲಿ ಹಳೆಯ ದ್ವೇಷವನ್ನೇ ಮಾರುತ್ತಿದ್ದಾರೆ.

ನನ್ನ ತಕರಾರು ಬೇರೆ. ಫಲಕ ಇಳಿಸಿದ ಮೇಲೆ ಹೊಲದಲ್ಲಿ ಏನು ಬೆಳೆಯಬೇಕು, ಯಾರ ದುಡ್ಡಿನಲ್ಲಿ? ಹಾರ್ಲೆಮ್ ಉತ್ತರ ಹಾಲೆಂಡ್ ಪ್ರಾಂತ್ಯದ ರಾಜಧಾನಿ. ಊರಿನ ಆಗ್ನೇಯಕ್ಕಿರುವ ಹಾರ್ಲೆಮರ್‌ಮೇರ್ ಒಂದು ಕಾಲಕ್ಕೆ ಸರೋವರ. ಉಗಿಯಂತ್ರಗಳಿಂದ ನೀರೆತ್ತಿ 1852ರಲ್ಲಿ ಅದನ್ನು ಬರಿದು ಮಾಡಿ ಸುಮಾರು 18,000 ಹೆಕ್ಟೇರ್ ನೆಲ ಪಡೆದರು. ಸಮುದ್ರಮಟ್ಟಕ್ಕಿಂತ ಕೆಳಗಿರುವ ಆ ನೆಲದಲ್ಲಿ ಗೋಧಿ, ಆಲೂಗಡ್ಡೆ, ಸಕ್ಕರೆ ಬೀಟ್ ಬೆಳೆಯುತ್ತಾರೆ. ಅಡಿಯಿಂದ ಉಪ್ಪುನೀರು ಒಸರುತ್ತದೆ, ಬೇಸಿಗೆ ಒಣಗಿದಷ್ಟೂ ಸೌಳು ಹೆಚ್ಚು. ಅಲ್ಲಿನ ರೈತನಿಗೆ ಬೇಕಿರುವುದು ಉಪ್ಪು ತಾಳುವ ತಳಿ. ಅದೇ ಪ್ರಾಂತ್ಯದ ಟೆಕ್ಸೆಲ್ ದ್ವೀಪದಲ್ಲಿ ಅಂಥ ಪ್ರಯೋಗ ನಡೆದದ್ದೂ ಉಂಟು. ಜಗತ್ತು ಮಾತಾಡಿದ್ದು ಮಾತ್ರ ಬಸ್ಸಿನ ಮೇಲಿನ ಚಿತ್ರದ ಬಗ್ಗೆ. ಪಶುಸಾಕಣೆಯಿಂದಲೂ ಆಗುವ ಸಾರಜನಕ ಮಾಲಿನ್ಯದ ಕುರಿತ 2019ರ ನ್ಯಾಯಾಲಯದ ತೀರ್ಪಿನ ನಂತರ ಡಚ್ ರೈತರು ಟ್ರ್ಯಾಕ್ಟರ್ ತಂದು ಹೆದ್ದಾರಿ ತಡೆದರು. 2023ರ ಪ್ರಾಂತೀಯ ಚುನಾವಣೆಯಲ್ಲಿ ರೈತರ ಪಕ್ಷ ಬಿಬಿಬಿ ಎಲ್ಲರಿಗಿಂತ ಮುಂದೆ ಬಂತು. ಬೇಡ ಎನ್ನುವವರು ಎದುರಿಗಿದ್ದಾರೆ, ಬದಲಿಗೆ ಇದನ್ನು ಬೆಳೆ ಎಂದು ಜೊತೆಗೆ ನಿಲ್ಲುವವರು ಕಾಣುತ್ತಿಲ್ಲ ಎಂದು ರೈತನಿಗೆ ಅನ್ನಿಸಿದರೆ ಹೀಗೇ ಆಗುತ್ತದೆ.

ಹಾರ್ಲೆಮ್ ಒಂದು ಆಹಾರದ ಫಲಕ ಇಳಿಸಿತು, ನಾವು ಇನ್ನೊಂದರ ಫಲಕ ಏರಿಸಿದೆವು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ. ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೇಳ ನಡೆಯಿತು, ನವಣೆ ಬಿಸ್ಕತ್ತು, ರಾಗಿ ಪಾಸ್ತಾ ಬಂದವು. ಅದೇ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮಳೆ ಕೈಕೊಟ್ಟರೂ ಬರುವ ಬೆಳೆ ಎಂದು ನಾವು ಹೊಗಳುವ ನವಣೆ, ಸಾಮೆಗಳ ಹೆಸರು ಕೇಂದ್ರದ ಬೆಂಬಲ ಬೆಲೆ ಪಟ್ಟಿಯಲ್ಲಿ ಇಲ್ಲ. ರಾಗಿಯ ಹೆಸರಿದೆ, ಆದರೂ ಖರೀದಿ ಮಿತಿ ಸಾಲದೆಂದು 2022ರಲ್ಲಿ ರೈತರು ಬೀದಿಗಿಳಿಯಬೇಕಾಯಿತು. ರಾಜ್ಯದ ರೈತಸಿರಿ ಯೋಜನೆಯಲ್ಲಿ ಸಿರಿಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಕೊಟ್ಟದ್ದು ಒಳ್ಳೆಯದೇ. ತಳಿ ಸಂಶೋಧನೆಗೆ ಅದು ಬದಲಿಯಲ್ಲ.

ರಾಗಿಯ ಹೂವು ತೀರ ಸಣ್ಣದು, ತನ್ನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುವಂಥದ್ದು. ಎರಡು ತಳಿ ಕೂಡಿಸುವುದೆಂದರೆ ವರ್ಷಗಟ್ಟಲೆ ತೆನೆಗೆ ಕಣ್ಣು ಕೀಲಿಸಿ ಕೂರುವ ಕೆಲಸ. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯ ಅದನ್ನು ಮಾಡಿದರು. ಆಫ್ರಿಕಾದ ರಾಗಿಯನ್ನು ನಮ್ಮದಕ್ಕೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು, ಜನ ಅವರನ್ನು ರಾಗಿ ಬ್ರಹ್ಮ ಎಂದರು. ಆಮೇಲೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ ಬೆಂಕಿ ರೋಗ ತಡೆಯುವ ಜಿಪಿಯು-28 ಬಂತು. ಇವನ್ನು ಒಮ್ಮೆ ಬಿತ್ತಿದವನು ತೆನೆ ಆರಿಸಿಟ್ಟುಕೊಂಡು ಮರುವರ್ಷ ಮತ್ತೆ ಬಿತ್ತಬಹುದು. ಪ್ರತಿ ವರ್ಷ ಬೀಜ ಮಾರುವ ಕಂಪನಿಗೆ ಇದರಲ್ಲಿ ಲಾಭವಿಲ್ಲ. ಆದ್ದರಿಂದಲೇ ಇದು ಸರ್ಕಾರದ ಕೆಲಸ.

ವಿಜ್ಞಾನವು ವಿಶ್ವವಿದ್ಯಾಲಯದ ಸ್ವತ್ತೆಂದು ನಾನು ಹೇಳುತ್ತಿಲ್ಲ. ಹಾವೇರಿ ಕಡೆಯ ಗುಳಿ ರಾಗಿ ನೋಡಿ. ಉದ್ದಕ್ಕೂ ಅಡ್ಡಕ್ಕೂ ಸಾಲು ಹೊಡೆದು, ಸಾಲು ಕೂಡುವಲ್ಲಿ ಗುಳಿ ಮಾಡಿ ಗೊಬ್ಬರ ಹಾಕಿ ಎಳೆಯ ಪೈರು ನೆಡುತ್ತಾರೆ. ಕೆಲವು ದಿನ ಕಳೆದ ಮೇಲೆ ಎತ್ತು ಕಟ್ಟಿ ಪೈರಿನ ಮೇಲೆಯೇ ಕೊರಡು ಎಳೆಯುತ್ತಾರೆ. ಬಾಗಿದ ಪೈರು ಹೊಸ ಬೇರು ಬಿಟ್ಟು, ತೆಂಡೆ ಒಡೆದು ಮೇಲೇಳುತ್ತದೆ. ತುಮಕೂರು ಜಿಲ್ಲೆ ಚೇಳೂರಿನ ರೈತ ಕುಟುಂಬವೊಂದರ ಜಮೀನಿನಲ್ಲಿದ್ದ ಕೆಂಪು ತೊಳೆಯ ಹಲಸನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿ, ಸಿದ್ದು ಎಂದು ಹೆಸರಿಟ್ಟು, ಕಸಿ ಗಿಡ ಮಾಡಿತು. ಮಾರಾಟದ ಆದಾಯದಲ್ಲಿ ಆ ಕುಟುಂಬಕ್ಕೂ ಪಾಲು ಸಿಕ್ಕಿತು. ಮಳೆಯಾಶ್ರಯದ ಸೀಮೆಗೆ ಬೇಕಾದ ಸಂಶೋಧನೆ ಇದು. ರೈತನಿಂದ ಕಲಿತು, ಬೆಳೆಸಿ, ರೈತನಿಗೇ ಹಿಂತಿರುಗಿಸುವಂಥದ್ದು.

ಕೊಯ್ಲಿನ ಹೊತ್ತಿಗೆ ಮಳೆ ಹಿಡಿಯುವ ಕಾಲ ಇದು. 2021ರ ನವೆಂಬರ್‌ನಲ್ಲಿ ನಮ್ಮಲ್ಲಿ ಎಷ್ಟೋ ಕಡೆ ನಿಂತ ರಾಗಿ ಹೊಲದಲ್ಲೇ ಮೊಳೆತುಹೋಯಿತು. ಮಳೆಗೆ ಬೀಳದ, ತೆನೆಯಲ್ಲಿ ಮೊಳೆಯದ ರಾಗಿಯನ್ನು ಯಾವ ಮೇಳವೂ ಹುಟ್ಟಿಸದು. ಮುಂದಿನ ಬಜೆಟ್ ಅಧಿವೇಶನಕ್ಕೆ ಮುನ್ನ ನಿಮ್ಮ ಶಾಸಕರನ್ನು ಹಿಡಿದು ಕೇಳಿ: ರಾಗಿ, ಸಿರಿಧಾನ್ಯದ ತಳಿ ವಿಜ್ಞಾನಿಗಳ ಖಾಲಿ ಹುದ್ದೆ ಯಾವಾಗ ತುಂಬುತ್ತೀರಿ? ನವಣೆ, ಸಾಮೆಗೆ ಬೆಂಬಲ ಬೆಲೆ ಕೊಡಿಸಲು ದಿಲ್ಲಿಯಲ್ಲಿ ಏನು ಮಾಡಿದ್ದೀರಿ? ಉತ್ತರ ಬರುವವರೆಗೆ ಇನ್ನೊಂದು ಮೇಳಕ್ಕೆ ದುಡ್ಡು ಸುರಿಯಬೇಡಿ ಎಂದೂ ಹೇಳಿ.