ಮಳೆಯಲ್ಲಿ ಸೈಕಲ್ ಸ್ಪರ್ಧೆ: ನಿಲ್ಲಿಸುವ ಹೊಣೆ ಯಾರದು?

ಮದ್ದೂರು ತಾಲ್ಲೂಕಿನ ನಿಡಘಟ್ಟದ ಹೆಸರು ಹೊರಗಿನವರಿಗೆ ಪರಿಚಯವಾದದ್ದು ಹೆದ್ದಾರಿಯ ಕಾಮಗಾರಿಯಿಂದ. ಬೆಂಗಳೂರು–ಮೈಸೂರು ದಶಪಥ ಯೋಜನೆಯನ್ನು ಎರಡು ಭಾಗ ಮಾಡಿದಾಗ, ಬೆಂಗಳೂರಿನಿಂದ ನಿಡಘಟ್ಟದವರೆಗೆ ಒಂದು, ನಿಡಘಟ್ಟದಿಂದ ಮೈಸೂರಿನವರೆಗೆ ಮತ್ತೊಂದು ಎಂದು ಗೆರೆ ಎಳೆಯಲಾಯಿತು. ನಿವೃತ್ತಿಯ ನಂತರ ನಾನು ನೆಲೆಸಿರುವುದು ಈ ಗೆರೆಯ ಮೇಲೆಯೇ. 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್ ಹಾಗೂ ಮೋಟಾರಿಲ್ಲದ ವಾಹನಗಳನ್ನು ನಿಷೇಧಿಸಿದ ಮೇಲೆ, ಭಾನುವಾರದ ನಸುಕಿನಲ್ಲಿ ಬೆಂಗಳೂರಿನಿಂದ ಬರುವ ಸೈಕಲ್ ಸವಾರರು ನಮ್ಮ ಸರ್ವಿಸ್ ರಸ್ತೆಯಲ್ಲಿ ಸಾಗುತ್ತಾರೆ. ತಲೆಗೆ ಶಿರಸ್ತ್ರಾಣ, ಹಿಂದೆ ಮಿನುಗುವ ಕೆಂಪು ದೀಪ. ಅವರ ಪಕ್ಕದಲ್ಲೇ ಡೇರಿಗೆ ಹಾಲಿನ ಕ್ಯಾನು ಸಾಗಿಸುವ ನಮ್ಮೂರಿನವರು.

ಅಂಥ ಸವಾರರಲ್ಲಿ ನನ್ನ ತಮ್ಮನ ಮೊಮ್ಮಗನೂ ಒಬ್ಬ. ಬೆಂಗಳೂರಿನಲ್ಲಿ ಎಂಜಿನಿಯರ್. ಕಳೆದ ತಿಂಗಳು ಮನೆಗೆ ಬಂದವನು ಒಂದು ಅರ್ಜಿಯ ಕರಡನ್ನು ನನ್ನ ಮುಂದಿಟ್ಟ. ಮಳೆಗಾಲದಲ್ಲಿ, ಮಲೆನಾಡಿನ ಒಂದು ಘಟ್ಟದಲ್ಲಿ, ಅವನೂ ಗೆಳೆಯರೂ ಸೈಕಲ್ ಸ್ಪರ್ಧೆ ನಡೆಸಬೇಕೆಂದಿದ್ದಾರೆ. ಸ್ವಲ್ಪ ದೂರ ಡಾಂಬರು ರಸ್ತೆ, ಸ್ವಲ್ಪ ದೂರ ತೋಟದ ಕೆಸರುದಾರಿ, ಇನ್ನುಳಿದಂತೆ ಸೈಕಲನ್ನು ಹೆಗಲ ಮೇಲೆ ಹೊತ್ತು ಹತ್ತಬೇಕಾದ ಗುಡ್ಡ. ‘ತಾತ, ಆಫೀಸಿನವರು ಬೇಡ ಅನ್ನದ ಹಾಗೆ ಹೆಂಗೆ ಬರೀಬೇಕು ಹೇಳಿಕೊಡಿ’ ಎಂದ. ಮೂವತ್ತಕ್ಕೂ ಹೆಚ್ಚು ವರ್ಷ ಅರ್ಜಿಗಳ ಮೇಲೆ ಷರಾ ಬರೆದವನಿಗೆ ಇದು ಕಷ್ಟದ ಕೆಲಸವಲ್ಲ. ಆದರೂ ನಾನು ಅದನ್ನು ಆ ದಿನ ತಿದ್ದಿಕೊಡಲಿಲ್ಲ. ಏಕೆಂಬುದನ್ನು ವಿವರಿಸಲು ಈ ಲೇಖನ.

ಈ ಆಟ ಹೊಸದಲ್ಲ. ಯೂರೋಪಿನಲ್ಲಿ ‘ಸೈಕ್ಲೋಕ್ರಾಸ್’ ಎಂದು ಕರೆಯಲಾಗುವ ಇದರ ಮೊದಲ ರಾಷ್ಟ್ರೀಯ ಸ್ಪರ್ಧೆ ಫ್ರಾನ್ಸಿನಲ್ಲಿ ನಡೆದದ್ದು 1902ರಲ್ಲಿ. ವಿಶ್ವ ಚಾಂಪಿಯನ್‌ಷಿಪ್ ಆರಂಭವಾದದ್ದು 1950ರಲ್ಲಿ. ರಸ್ತೆ ಸ್ಪರ್ಧೆಯ ಸೈಕಲ್ಲಿನಂತೆಯೇ ಬಾಗಿದ ಹ್ಯಾಂಡಲ್, ಆದರೆ ಕೆಸರಿನಲ್ಲಿ ಹಿಡಿತ ಸಿಗುವಂತೆ ಗುಬುಟುಗಳಿರುವ ಟೈರು. ಋತು ಶರತ್ಕಾಲದಿಂದ ಚಳಿಗಾಲದವರೆಗೆ. ಅಂದರೆ ಕೆಟ್ಟ ಹವೆ ಈ ಆಟದ ಅಂಗವೇ ಆಗಿದೆ. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದಲ್ಲಿ 1961ರಲ್ಲಿ ಆರಂಭವಾದ ‘ತ್ರೀ ಪೀಕ್ಸ್’ ಸ್ಪರ್ಧೆ ಇದನ್ನು ಪರ್ವತಕ್ಕೆ ಒಯ್ದಿತು. ಮೂರು ಬೆಟ್ಟಗಳು, ಸುಮಾರು 61 ಕಿಲೋಮೀಟರ್, ಅದರಲ್ಲಿ ಹಲವು ಕಿಲೋಮೀಟರ್ ಸೈಕಲನ್ನು ಹೊತ್ತೇ ನಡೆಯಬೇಕು. ಹುಡುಗನ ತಲೆಯಲ್ಲಿದ್ದದ್ದು ಇದೇ ಮಾದರಿ.

ನಮ್ಮಲ್ಲಿಯೂ ಸೈಕಲ್ ಸ್ಪರ್ಧೆಗೆ ದೊಡ್ಡ ಪರಂಪರೆಯಿದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರೈತಾಪಿ ಮಕ್ಕಳು ದಶಕಗಳಿಂದ ರಾಷ್ಟ್ರೀಯ ಪದಕಗಳನ್ನು ತರುತ್ತಿದ್ದಾರೆ. 2008ರಲ್ಲಿ ಮೊದಲ ಬಾರಿಗೆ ನಡೆದ ‘ಟೂರ್ ಆಫ್ ನೀಲಗಿರೀಸ್’ ಯಾತ್ರೆಯಲ್ಲಿ ಸವಾರರು ಕಲ್ಲಟ್ಟಿ ಘಾಟಿಯ 36 ತಿರುವುಗಳನ್ನು ತುಳಿದುಕೊಂಡೇ ಏರುತ್ತಾರೆ. ಆದ್ದರಿಂದ ಇದು ವಿಲಾಯಿತಿ ಹುಚ್ಚು ಎಂದು ತಳ್ಳಿಹಾಕುವುದು ಸರಿಯಲ್ಲ. ನನ್ನ ಹಿಂಜರಿಕೆಗೆ ಕಾರಣ ಬೇರೆ.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ತಹಶೀಲ್ದಾರನಾಗಿದ್ದೆ. ಸ್ವಾತಂತ್ರ್ಯೋತ್ಸವದ ಅಂಗವಾಗಿ ಘಟ್ಟದ ರಸ್ತೆಯಲ್ಲಿ ಸೈಕಲ್ ಸ್ಪರ್ಧೆ ಏರ್ಪಡಿಸಲು ಯುವಕ ಸಂಘವೊಂದು ಅನುಮತಿ ಕೇಳಿತು. ‘ಯಾವುದೇ ಅಹಿತಕರ ಘಟನೆಗೆ ಆಯೋಜಕರೇ ಹೊಣೆ ಎಂಬ ಷರತ್ತಿಗೆ ಒಳಪಟ್ಟು’ ಎಂದು ಒಂದು ಸಾಲು ಬರೆದು ಸಹಿ ಮಾಡಿದೆ. ಅಂದು ಬೆಳಿಗ್ಗೆಯಿಂದಲೇ ಜಡಿಮಳೆ. ಹದಿನಾರು ವರ್ಷದ ಹುಡುಗನೊಬ್ಬ ತೆಳು ಬನಿಯನ್ನಿನಲ್ಲಿ ಘಟ್ಟದ ತಲೆಯವರೆಗೆ ಬೆವರು ಸುರಿಸಿ ಏರಿದ. ಇಳಿಯುವಾಗ ಗಾಳಿಗೆ ಕೈಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗದೆ ಚರಂಡಿಗೆ ಬಿದ್ದ. ತೊಡೆಯ ಮೂಳೆ ಮುರಿಯಿತು. ಅವನನ್ನು ಸಾಗಿಸಲು ಜೀಪು ಸಿಕ್ಕಿದ್ದು ಎರಡು ಗಂಟೆಗಳ ನಂತರ. ಜೀಪುಗಳೆಲ್ಲ ತಾಲ್ಲೂಕು ಕೇಂದ್ರದ ಧ್ವಜಾರೋಹಣದಲ್ಲಿದ್ದವು; ಅವುಗಳಲ್ಲಿ ಒಂದು ನನ್ನದು. ಹುಡುಗ ಬದುಕಿದ, ಆದರೆ ಕುಂಟುತ್ತಾ ಬದುಕಿದ. ನನ್ನನ್ನು ಯಾರೂ ಪ್ರಶ್ನಿಸಲಿಲ್ಲ. ಕಡತದಲ್ಲಿ ಆ ಒಂದು ಸಾಲು ಇತ್ತಲ್ಲ!

ಆ ಸಾಲು ಯಾರ ರಕ್ಷಣೆಗಾಗಿತ್ತು ಎಂದು ನಾನು ಕೇಳಿಕೊಂಡದ್ದು ಬಹಳ ತಡವಾಗಿ. ಅದು ಸವಾರನ ರಕ್ಷಣೆಗಲ್ಲ, ಸಹಿ ಹಾಕಿದವನ ರಕ್ಷಣೆಗೆ. ಮಳೆ ಹೆಚ್ಚಾದರೆ ಸ್ಪರ್ಧೆ ನಿಲ್ಲಿಸುವವರು ಯಾರು, ಎಷ್ಟು ಮಳೆಗೆ ನಿಲ್ಲಿಸಬೇಕು, ಬಿದ್ದವರನ್ನು ಎತ್ತುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರಲಿಲ್ಲ.

ಇಂಥ ವಿಷಯದಲ್ಲಿ ನಮ್ಮ ಆಡಳಿತಕ್ಕೆ ತಿಳಿದಿರುವುದು ಎರಡೇ ಮಾರ್ಗ. ಒಂದು, ಕಣ್ಣು ಮುಚ್ಚಿ ಸಹಿ ಮಾಡುವುದು. ಇನ್ನೊಂದು, ನಿಷೇಧಿಸುವುದು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಚಾರಣಿಗರ ಜನಜಂಗುಳಿ ಕಂಡಾಗ ಆದದ್ದು ಇದೇ. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಪಥಗಳನ್ನೆಲ್ಲ ತಾತ್ಕಾಲಿಕವಾಗಿ ಮುಚ್ಚಲಾಯಿತು. ಸಂಖ್ಯೆಗೆ ಮಿತಿ ಹಾಕುವ ವ್ಯವಸ್ಥೆ ಬಂದದ್ದು ಆಮೇಲೆ. ಆ ವ್ಯವಸ್ಥೆ ಮೊದಲೇ ಇದ್ದಿದ್ದರೆ ನಿಷೇಧದ ಅಗತ್ಯವೇ ಬೀಳುತ್ತಿರಲಿಲ್ಲ. ನಿಷೇಧದಿಂದ ಆಟ ನಿಲ್ಲುವುದೂ ಇಲ್ಲ. ಅದು ಅನುಮತಿಯಿಲ್ಲದೆ, ಆಂಬುಲೆನ್ಸ್ ಇಲ್ಲದೆ, ಪೊಲೀಸರಿಗೆ ತಿಳಿಯದಂತೆ ನಡೆಯುತ್ತದೆ, ಅಷ್ಟೆ.

‘ಅಪಾಯ ತಿಳಿದೇ ಬರುತ್ತಾರೆ, ಸರ್ಕಾರಕ್ಕೇನು ಕೆಲಸ?’ ಎಂದು ಕೇಳುವವರಿದ್ದಾರೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ವ್ಯಕ್ತಿಯ ಆಯ್ಕೆಯನ್ನು ಗೌರವಿಸುತ್ತೇನೆ. ಆದರೆ ಅದೇ ಶಾಸ್ತ್ರ ಇನ್ನೊಂದು ಪಾಠವನ್ನೂ ಕಲಿಸುತ್ತದೆ: ಮರಳಿ ಬಾರದ ವೆಚ್ಚ ಮನುಷ್ಯನ ವಿವೇಚನೆಯನ್ನು ಕೆಡಿಸುತ್ತದೆ. ಶುಲ್ಕ ಕಟ್ಟಿಯಾಗಿದೆ, ಆರು ತಿಂಗಳು ಅಭ್ಯಾಸ ಮಾಡಿಯಾಗಿದೆ, ರಜೆ ಹಾಕಿ ನೂರಾರು ಕಿಲೋಮೀಟರ್ ಬಂದಾಗಿದೆ. ಬೆಟ್ಟದ ಬುಡದಲ್ಲಿ ಆಕಾಶ ಕಪ್ಪಾದರೆ ಯಾರು ಹಿಂದಿರುಗುತ್ತಾರೆ? ಆಯೋಜಕರ ಪಾಡೂ ಅದೇ. ಪ್ರಾಯೋಜಕರ ಹಣ ಖರ್ಚಾಗಿದೆ, ಅತಿಥಿಗಳು ವೇದಿಕೆಯಲ್ಲಿದ್ದಾರೆ. ನಿರ್ಧಾರ ತೆಗೆದುಕೊಳ್ಳಬೇಕಾದ ಗಳಿಗೆಯಲ್ಲಿ ಅಲ್ಲಿರುವ ಪ್ರತಿಯೊಬ್ಬರ ಹಿತವೂ ಮುಂದುವರಿಯುವುದರಲ್ಲಿಯೇ ಇರುತ್ತದೆ. ಆದ್ದರಿಂದ ನಿಲ್ಲಿಸುವ ನಿಯಮವನ್ನು ಆ ಗಳಿಗೆಗೆ ಬಿಡಬಾರದು. ಹವೆ ಚೆನ್ನಾಗಿರುವಾಗ, ಮೇಜಿನ ಮುಂದೆ ಕುಳಿತು ಅದನ್ನು ಬರೆದಿಡಬೇಕು.

ಚೀನಾದ ಗಾನ್ಸು ಪ್ರಾಂತ್ಯದಲ್ಲಿ 2021ರ ಮೇ 22ರಂದು ನಡೆದದ್ದು ಇದಕ್ಕೆ ಕಠೋರ ನಿದರ್ಶನ. ಅದು 100 ಕಿಲೋಮೀಟರ್ ಪರ್ವತ ಓಟ. ನಡುದಾರಿಯಲ್ಲಿ ಆಲಿಕಲ್ಲು, ಕೊರೆಯುವ ಮಳೆ, ಬಿರುಗಾಳಿ. 172 ಓಟಗಾರರಲ್ಲಿ 21 ಮಂದಿ ಚಳಿಗೆ ಸಿಲುಕಿ ಸತ್ತರು. ಅವರಲ್ಲಿ ದೇಶದ ಹೆಸರಾಂತ ಓಟಗಾರರೂ ಇದ್ದರು. ಗಾಳಿ ತಡೆಯುವ ಅಂಗಿಯನ್ನು ಜೊತೆಯಲ್ಲಿ ಒಯ್ಯುವುದು ಕಡ್ಡಾಯವಾಗಿರಲಿಲ್ಲ. ಆರು ಮಂದಿಯನ್ನು ಉಳಿಸಿದವನು ಅಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ಕುರಿಗಾಹಿ. ಆಮೇಲೆ ತನಿಖೆ ನಡೆಯಿತು, ಅಧಿಕಾರಿಗಳ ಮೇಲೆ ಕ್ರಮವಾಯಿತು, ದೇಶದಾದ್ಯಂತ ಅಂಥ ಸ್ಪರ್ಧೆಗಳನ್ನು ಸ್ಥಗಿತಗೊಳಿಸಲಾಯಿತು. ಕಣ್ಣು ಮುಚ್ಚಿದ್ದರ ಫಲ ಕೊನೆಗೆ ನಿಷೇಧವೇ ಎಂಬುದನ್ನು ಗಮನಿಸಬೇಕು.

‘ಅದು ಹಿಮದ ನಾಡು, ನಮ್ಮದು ಉಷ್ಣವಲಯ’ ಎನ್ನುವುದು ಅರ್ಧ ಸತ್ಯ. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅಪಾಯ ಆರಂಭ. ಅದಕ್ಕೆ ಹಿಮವೇ ಬೇಕಿಲ್ಲ. ಒದ್ದೆ ಬಟ್ಟೆ ಮತ್ತು ಗಾಳಿ ಸಾಕು. ಸೈಕಲ್ ಸವಾರನಿಗಂತೂ ಏರುವಾಗ ಬೆವರಿನಿಂದ ಮೈ ತೊಯ್ಯುತ್ತದೆ. ಇಳಿಯುವಾಗ ಕಾಲು ತುಳಿಯದೆ ದೇಹದ ಶಾಖ ಹುಟ್ಟುವುದು ಕಡಿಮೆಯಾಗುತ್ತದೆ, ವೇಗದಿಂದಲೇ ಗಾಳಿ ಹುಟ್ಟುತ್ತದೆ. ನನ್ನ ತಾಲ್ಲೂಕಿನ ಆ ಹುಡುಗ ಬಿದ್ದದ್ದು ಆಗಸ್ಟ್ ತಿಂಗಳಲ್ಲಿ, ಕರ್ನಾಟಕದಲ್ಲಿ.

ಇನ್ನು, ಅನುಭವವಿದ್ದವರು ಏನು ಮಾಡಿದ್ದಾರೆ ನೋಡೋಣ. 1988ರಲ್ಲಿ ಇಟಲಿಯ ಗಾವಿಯಾ ಕಣಿವೆಮಾರ್ಗದಲ್ಲಿ ಹಿಮಪಾತದ ನಡುವೆಯೂ ಸ್ಪರ್ಧೆ ನಡೆಸಿದ್ದನ್ನು ಬಹುಕಾಲ ವೀರಗಾಥೆಯಂತೆ ಹೇಳಲಾಗುತ್ತಿತ್ತು. 2013ರ ಮಿಲಾನ್–ಸ್ಯಾನ್ ರೆಮೊ ಸ್ಪರ್ಧೆಯಲ್ಲಿ ಹಿಮ ಸುರಿದಾಗ ಸವಾರರನ್ನು ಬಸ್ಸಿನಲ್ಲಿ ಕಣಿವೆ ದಾಟಿಸಿ ಮುಂದಿನ ಹಂತ ಆರಂಭಿಸಲಾಯಿತು. 2016ರಿಂದ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ಹವೆ ತೀವ್ರವಾಗಿ ಕೆಡುವ ಸೂಚನೆಯಿದ್ದರೆ ಆಯೋಜಕರು, ವೈದ್ಯರು, ತೀರ್ಪುಗಾರರು ಹಾಗೂ ಸವಾರರ ಮತ್ತು ತಂಡಗಳ ಪ್ರತಿನಿಧಿಗಳು ಸಭೆ ಸೇರಿ ಮಾರ್ಗ ಬದಲಿಸಬಹುದು, ಸಮಯ ಬದಲಿಸಬಹುದು ಅಥವಾ ರದ್ದುಪಡಿಸಬಹುದು. ಯಾರ್ಕ್‌ಷೈರಿನ ಸ್ಪರ್ಧೆಯಲ್ಲಿ ಪ್ರತಿಯೊಬ್ಬನೂ ಒಂದು ಸೀಟಿ ಮತ್ತು ಮೈಮುಚ್ಚುವ ರಕ್ಷಣಾ ಚೀಲ ಒಯ್ಯಬೇಕು. ಆ ಬೆಟ್ಟಗಳ ನಡುವಿನ ಕ್ಲಾಪಮ್ ಎಂಬ ಹಳ್ಳಿಯಲ್ಲಿ 1935ರಿಂದಲೂ ಸ್ವಯಂಸೇವಕರ ರಕ್ಷಣಾ ದಳವಿದೆ. ಅಲ್ಲಿನವರ ಧೈರ್ಯದ ಬೆನ್ನಿಗೆ ಇಂಥ ಸಿದ್ಧತೆಯಿದೆ.

ನಮ್ಮಲ್ಲಿ ಇದಕ್ಕೆ ಬೇಕಾದ ಸಲಕರಣೆ ಇಲ್ಲವೆಂದಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ ಮಳೆ. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ನೋಡಿ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸುತ್ತಾರೆ. 108 ಆಂಬುಲೆನ್ಸ್ ಸೇವೆ 2008ರಿಂದ ಇದೆ. ಇಲ್ಲದಿರುವುದು ಇವನ್ನೆಲ್ಲ ಅನುಮತಿ ಪತ್ರದೊಂದಿಗೆ ಜೋಡಿಸುವ ಒಂದು ಪುಟ.

ಆ ಪುಟದಲ್ಲಿ ಮೂರು ಅಂಶಗಳಿದ್ದರೆ ಸಾಕು. ಮೊದಲನೆಯದು, ಸ್ಪರ್ಧೆ ನಿಲ್ಲಿಸುವ ಅಧಿಕಾರವುಳ್ಳ ಒಬ್ಬ ವ್ಯಕ್ತಿಯ ಹೆಸರು. ಆತನಿಗೆ ಶುಲ್ಕದಲ್ಲಾಗಲೀ ಪ್ರಾಯೋಜಕರ ಹಣದಲ್ಲಾಗಲೀ ಪಾಲಿರಬಾರದು. ಎರಡನೆಯದು, ಯಾವ ಎಚ್ಚರಿಕೆಗೆ ಅಥವಾ ಎಷ್ಟು ಮಳೆಗೆ ಸ್ಪರ್ಧೆ ನಿಲ್ಲುತ್ತದೆ ಎಂಬ ಅಂಕಿ, ಮತ್ತು ರದ್ದಾದರೆ ಶುಲ್ಕ ಮುಂದಿನ ವರ್ಷಕ್ಕೆ ಸಲ್ಲುತ್ತದೆ ಎಂಬ ಭರವಸೆ. ಮರಳಿ ಬಾರದ ವೆಚ್ಚದ ಒತ್ತಡ ಇಳಿಯುವುದು ಆ ಭರವಸೆಯಿಂದ. ಮೂರನೆಯದು, ಸವಾರನ ಬೆನ್ನಚೀಲದಲ್ಲಿ ಇರಲೇಬೇಕಾದ ವಸ್ತುಗಳು ಮತ್ತು ಘಟ್ಟದ ತಲೆಯಲ್ಲಿ ಕಾದಿರುವ ವಾಹನದ ಸಂಖ್ಯೆ.

ಇದರಿಂದ ಸಣ್ಣ ಸಂಘಗಳಿಗೆ ಹೊರೆಯಾಗುತ್ತದೆ, ಬೆಂಗಳೂರಿನ ಉಳ್ಳವರು ಮಾತ್ರ ಉಳಿಯುತ್ತಾರೆ ಎಂಬ ಆಕ್ಷೇಪ ಬರಬಹುದು. ಇದು ಹಗುರವಾದ ಆಕ್ಷೇಪವಲ್ಲ. ಬಾಗಲಕೋಟೆಯ ಬಡ ಹುಡುಗನಿಗೆ ಮಳೆ ಅಂಗಿಯೂ ಖರ್ಚೇ. ಆದರೆ ನಿಲ್ಲಿಸುವವನ ಹೆಸರು ಬರೆಯಲು ಹಣ ಬೇಕಿಲ್ಲ. ಉಳಿದದ್ದಕ್ಕೆ ಕ್ರೀಡಾ ಇಲಾಖೆ ಜಿಲ್ಲೆಗೊಂದರಂತೆ ಉಡುಪು, ಸೀಟಿ, ರೇಡಿಯೊಗಳನ್ನಿಟ್ಟು ಸಂಘಗಳಿಗೆ ಎರವಲು ಕೊಡಬಹುದು. ಪದಕ ಗೆದ್ದ ಮೇಲೆ ಹಾರ ಹಾಕುವ ಖರ್ಚಿಗಿಂತ ಅದು ಹೆಚ್ಚಾಗಲಾರದು.

ಕೊನೆಗೆ, ನಮ್ಮೂರಿನ ಮಾತು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಇದೇ ಹೆದ್ದಾರಿ ಕೆರೆಯಂತಾಗಿ ಬಸ್ಸು ಕಾರುಗಳು ನೀರಿನಲ್ಲಿ ನಿಂತವು. ಮುಖ್ಯ ಪಥದ ಹಕ್ಕು ಕಳೆದುಕೊಂಡ ಸೈಕಲ್ಲು, ಮೊಪೆಡ್ಡುಗಳಿಗೆ ಈಗ ಉಳಿದಿರುವುದು ಸರ್ವಿಸ್ ರಸ್ತೆ ಮತ್ತು ಕೆಳಸೇತುವೆಗಳು. ವೇಗದ ಕಾರುಗಳ ನಡುವಿನಿಂದ ಅವನ್ನು ಹೊರಗಿಟ್ಟದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಮಳೆ ಬಂದ ರಾತ್ರಿ ಕೆಳಸೇತುವೆಯಲ್ಲಿ ನೀರು ಎಷ್ಟಾದರೆ ಅಡ್ಡಗಟ್ಟೆ ಹಾಕಬೇಕು, ಹಾಕುವವರು ಯಾರು ಎಂಬುದನ್ನು ಅಲ್ಲಿಯೂ ಬರೆದು ತಿಳಿಸಬೇಕಲ್ಲವೇ? ಸ್ಪರ್ಧೆಗೆ ಬಂದವನು ಬೇಡವೆಂದರೆ ಹಿಂದಿರುಗಬಹುದು. ಹಾಲಿನ ಕ್ಯಾನು ಹೊತ್ತವನಿಗೆ ಆ ಆಯ್ಕೆಯೂ ಇಲ್ಲ.

ಹುಡುಗನ ಅರ್ಜಿಯನ್ನು ನಾನು ಹಿಂದಕ್ಕೆ ಕೊಟ್ಟಿದ್ದೇನೆ. ಕೆಳಗೆ ಮೂರು ಗೆರೆ ಎಳೆದು ಖಾಲಿ ಬಿಟ್ಟಿದ್ದೇನೆ: ನಿಲ್ಲಿಸುವವರ ಹೆಸರು, ನಿಲ್ಲಿಸುವ ಅಂಕಿ, ಕಾದಿರುವ ವಾಹನ. ಮುಖ ಸಪ್ಪಗೆ ಮಾಡಿಕೊಂಡು ಹೋದವನು ಮೊನ್ನೆ ಫೋನು ಮಾಡಿ, ಎರಡು ಗೆರೆ ತುಂಬಿದೆ, ಮೊದಲನೆಯದಕ್ಕೆ ಯಾರೂ ಒಪ್ಪುತ್ತಿಲ್ಲ ಎಂದ. ಒಪ್ಪುವವರು ಸಿಗುವವರೆಗೆ ಹುಡುಕು, ಸಿಕ್ಕ ದಿನ ಕಚೇರಿಗೆ ನಾನೂ ನಿನ್ನ ಜೊತೆ ಬರುತ್ತೇನೆ ಎಂದಿದ್ದೇನೆ.